ನೀಕ್ಯಾಪ್ ಹಾಕಿಸಿ ಬಾಕ್ಸ್ ಜಂಪ್ ಮಾಡಿಸಬೇಡಿ

ಮೇಡಂ, ಮಗಳ ವಿಡಿಯೋ ಎರಡು ಸಲ ನೋಡಿದೆ. 14 ವರ್ಷದ ಬ್ಯಾಸ್ಕೆಟ್‌ಬಾಲ್ ಹುಡುಗಿ, ಸಿಮೆಂಟ್ ನೆಲ, ಬಾಕ್ಸ್ ಜಂಪ್ (ಎತ್ತರದ ಪೆಟ್ಟಿಗೆ ಮೇಲೆ ಹಾರಿ ಇಳಿಯುವುದು). "ನೀಕ್ಯಾಪ್ ಇದೆ, ಎಸಿಎಲ್ ಸೇಫ್ ಅಲ್ವಾ?" ಅಂತ ಕೇಳಿದ್ದೀರಿ. ಅಲ್ಲ. ಎಸಿಎಲ್ ಅಂದರೆ ಮಂಡಿಯೊಳಗೆ ತೊಡೆ ಎಲುಬನ್ನೂ ಕೆಳಗಿನ ಎಲುಬನ್ನೂ ಹಿಡಿದಿಡುವ ಲಿಗಮೆಂಟ್. ನೆಲಕ್ಕೆ ಇಳಿಯುವಾಗ ವಿಡಿಯೋ ನಿಲ್ಲಿಸಿ ನೋಡಿ, ಎರಡೂ ಮಂಡಿ ಒಳಗೆ ಬಾಗುತ್ತಿವೆ. ಹಾಗೆ ಬಾಗಿದಾಗಲೇ ಅದು ಹರಿಯುವ ಭಯ.

ನಾನೂ ಹಾಗೇ ಇಳಿಯುತ್ತಿದ್ದೆ. ಜಯನಗರದಲ್ಲಿ ಒಂದು ಮ್ಯಾಚ್. ರೀಬೌಂಡ್‌ಗೆ ಹಾರಿ ಒಂಟಿ ಕಾಲಲ್ಲಿ ಇಳಿದೆ. ಯಾರೂ ತಾಗಿರಲಿಲ್ಲ. ಟಪ್ ಅಂತ ಸದ್ದು, ಪಕ್ಕದವಳಿಗೂ ಕೇಳಿಸಿತ್ತು. ಮನೆ ಸೇರುವಷ್ಟರಲ್ಲಿ ಮಂಡಿ ತೆಂಗಿನಕಾಯಿ ಗಾತ್ರ. ನೀಕ್ಯಾಪ್ ಹಾಕಿಕೊಂಡೇ ಇದ್ದೆ! ಎಣ್ಣೆ ತಿಕ್ಕಿಸಿಕೊಂಡು ಮೂರೇ ವಾರಕ್ಕೆ ಕೋರ್ಟ್‌ಗೆ ಇಳಿದೆ. ತಿರುಗುವಾಗ ಮಂಡಿ ಜಾರಿತು, ಮಂಡಿಯೊಳಗಿನ ಮೆತ್ತೆ, ಅಂದರೆ ಮೆನಿಸ್ಕಸ್ಸೂ ಹೋಯಿತು. ಹೀಗೆ ಬೇಗ ಊದಿದರೆ ಒಳಗೆ ರಕ್ತ ಸೇರಿದೆ ಅಂತಲೇ ಅಂದುಕೊಳ್ಳಿ. ತಿಕ್ಕಬೇಡಿ, ಸ್ಪೋರ್ಟ್ಸ್ ಆರ್ಥೋ ಹತ್ತಿರ ಹೋಗಿ.

ಟೈನರ್ ಆಗಲಿ, ಬೇರೆ ಬ್ರ್ಯಾಂಡ್ ಆಗಲಿ, ಬಟ್ಟೆಯ ನೀಕ್ಯಾಪ್ ಮಂಡಿಯನ್ನು ಬೆಚ್ಚಗಿಡುತ್ತದೆ, ಅಷ್ಟೇ.

ಮೊದಲು ಇಳಿಯೋದು ಕಲಿಸಿ. ನನ್ನ ಮಗಳಿಗೆ ಟೆರೇಸ್‌ನ ಒಂದಡಿ ಮೆಟ್ಟಿಲಿಂದ ಶುರು ಮಾಡಿಸಿದೆ. ಎದುರಿಗೆ ಇಟ್ಟಿಗೆಗೆ ಫೋನ್ ಒರಗಿಸಿ ಸ್ಲೋ ಮೋಷನ್. ಪಕ್ಕದಿಂದ ತೆಗೆದರೆ ಮಂಡಿ ಒಳಬಾಗುವುದು ಕಾಣಿಸುವುದಿಲ್ಲ. ಕುರ್ಚಿ ಹುಡುಕುವ ಹಾಗೆ ಸೊಂಟ ಹಿಂದಕ್ಕೆ, ಮಂಡಿ ಪಾದದ ನೇರಕ್ಕೆ, ಇಳಿದ ಮೇಲೆ ಎರಡು ಸೆಕೆಂಡ್ ಅಲ್ಲಾಡದೆ ನಿಲ್ಲಬೇಕು. ಸದ್ದು ಬರಬಾರದು. ಕೆಳಗಿನ ಓನರ್ ಅಜ್ಜಿ "ಏನ್ರೇ ಅದು?" ಅಂತ ಕೂಗಿದರೆ ಆ ಜಂಪ್ ಲೆಕ್ಕಕ್ಕಿಲ್ಲ. ಮೊದಲ ವಾರ ಅಜ್ಜಿ ದಿನಾ ಕೂಗಿದರು. ಎರಡು ಕಾಲಲ್ಲಿ ಸರಿಬಂದ ಮೇಲೆಯೇ ಒಂಟಿ ಕಾಲು. ಬಾಕ್ಸ್ ಆಮೇಲೆ.

ಇದರ ಜೊತೆ ಫಿಫಾ 11+ ವಾರ್ಮ್‌ಅಪ್. ಫುಟ್‌ಬಾಲ್‌ನವರದ್ದು, ಆದರೆ ಹಾರುವುದು, ತಿರುಗುವುದು ನಮ್ಮಲ್ಲೂ ಇದೆಯಲ್ಲ. ಸುಮಾರು 20 ನಿಮಿಷ, ವಾರಕ್ಕೆ 2 ಸಲವಾದರೂ, ಸೀಸನ್ ಪೂರ್ತಿ. ಟೂರ್ನಮೆಂಟ್ ಹತ್ತಿರ ಬಂತು ಅಂತ ನಿಲ್ಲಿಸುವ ಕೋಚ್‌ಗಳ ಮೇಲೆ ನನಗೆ ಕೋಪ. ಅದರಲ್ಲಿರುವ ನಾರ್ಡಿಕ್ (ಮಂಡಿಯೂರಿ, ಹಿಂದಿನಿಂದ ಕಾಲು ಹಿಡಿಸಿಕೊಂಡು, ನಿಧಾನವಾಗಿ ಮುಂದಕ್ಕೆ ಬಾಗುವುದು) ಬಿಡಬೇಡಿ. ತೊಡೆ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಗಟ್ಟಿಯಿದ್ದರೆ ಮೊಣಕಾಲ ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ ಹಿಡಿಯುತ್ತದೆ, ಎಸಿಎಲ್ ಕೆಲಸವೂ ಅದೇ. ಮೊದಲ ದಿನ 3 ಸಾಕು. ಜಾಸ್ತಿ ಮಾಡಿಸಿದರೆ ಮರುದಿನ ಮಗು ಮೆಟ್ಟಿಲು ಇಳಿಯಲ್ಲ. ಈಗಾಗಲೇ ನೋವಿದ್ದರೆ ಇದ್ಯಾವುದೂ ಬೇಡ, ಮೊದಲು ಫಿಸಿಯೋ.

ಸಂಜೆ ಪ್ರಾಕ್ಟೀಸ್‌ಗೆ ಬರೀ ಒಂದು ಲೋಟ ಕಾಫಿ ಕುಡಿಸಿ ಕಳಿಸಬೇಡಿ. ಸುಸ್ತಾದ ಕಾಲು ನೆಟ್ಟಗೆ ಇಳಿಯುವುದಿಲ್ಲ. ಮುಟ್ಟು ತಿಂಗಳುಗಟ್ಟಲೆ ನಿಂತರೆ "ಆಟ ಆಡೋ ಹುಡುಗಿ, ಇರುತ್ತೆ ಬಿಡಿ" ಅನ್ನಬೇಡಿ, ಡಾಕ್ಟರಿಗೆ ತೋರಿಸಿ. ನೀಕ್ಯಾಪ್ ದುಡ್ಡಲ್ಲಿ ಶೂ ತೆಗೆದುಕೊಳ್ಳಿ. ನಿವಿಯಾ ಸಾಕು, ಆದರೆ ಸೋಲ್ ಒಂದು ಬದಿ ಸವೆದಿದ್ದರೆ ಬದಲಿಸಿ.