ಫೌಂಡ್ರಿ ಆಫೀಸಿನಲ್ಲಿ ಒಬ್ಬನೇ ಐಟಿ ಅಡ್ಮಿನ್: ಸಿಸಿಎನ್‌ಎ ಓದಲೋ, ಎಂಡಿ-102 ಓದಲೋ?

ನೀವು ಬರೆದ ಪ್ರಕಾರ ಬೆಳಗಾವಿಯ ಉದ್ಯಮಬಾಗದ ಆಫೀಸಿನಲ್ಲಿ ನಲವತ್ತು ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್, ಟ್ಯಾಲಿ. ಎಲ್ಲ ನೋಡಿಕೊಳ್ಳುವವರು ನೀವೊಬ್ಬರೇ. ಹಾಗಿದ್ದರೆ ಮೊದಲು ಸಿಸ್ಕೋ ಕಂಪನಿಯ ನೆಟ್‌ವರ್ಕ್ ಪರೀಕ್ಷೆಯಾದ ಸಿಸಿಎನ್‌ಎ ಓದಿ. ಮೈಕ್ರೋಸಾಫ್ಟ್‌ನ ಎಂಡಿ-102 ಪರೀಕ್ಷೆಯ ಬಹುಪಾಲು ಇನ್‌ಟ್ಯೂನ್ (ಕಂಪನಿಯ ಕಂಪ್ಯೂಟರ್‌ಗಳನ್ನು ಕ್ಲೌಡ್‌ನಿಂದ ನಿರ್ವಹಿಸುವ ಸೇವೆ) ಮೇಲೆ ನಿಂತಿದೆ. ಆಫೀಸಿನಲ್ಲಿ ಇನ್‌ಟ್ಯೂನ್ ಇಲ್ಲದೆ ಓದಿದರೆ ಪರೀಕ್ಷೆ ಮುಗಿದ ಮರುತಿಂಗಳು ಮರೆತುಹೋಗುತ್ತದೆ. ಆ ಸರ್ಟಿಫಿಕೇಟ್ ಪ್ರತಿ ವರ್ಷ ನವೀಕರಿಸಬೇಕು, ಅದು ಆನ್‌ಲೈನ್, ಉಚಿತ. ಸಿಸಿಎನ್‌ಎ 3 ವರ್ಷ ನಡೆಯುತ್ತದೆ.

ಓದಿಗೆ ಬೇರೆ ಸಮಯ ಹುಡುಕುವ ಮೊದಲು, ದಿನಾ ಬರುವ ಫೋನುಗಳನ್ನೇ ಪಠ್ಯ ಮಾಡಿಕೊಳ್ಳಿ. ‘ಸರ್, ನೆಟ್ ಹೋಗೇತ್ರಿ’ ಎಂದು ಅಕೌಂಟ್ಸ್‌ನವರು ಕರೆದಾಗ ಮೊದಲು ಅವರ ಯಂತ್ರದಲ್ಲಿ ಐಪಿಕಾನ್ಫಿಗ್ /ಆಲ್ ಕಮಾಂಡ್ ಕೊಟ್ಟು ನೋಡಿ. ಐಪಿ ವಿಳಾಸ 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿಯೇ ವಿಳಾಸ ಹಂಚುವ ಸೇವೆ) ಸಿಕ್ಕಿಲ್ಲ ಎಂದರ್ಥ. ಒಂದೇ ಯಂತ್ರಕ್ಕೆ ಹೀಗಾಗಿದ್ದರೆ ಕೇಬಲ್, ಕ್ಲಿಪ್ ಮುರಿದ ಆರ್‌ಜೆ-45, ಸ್ವಿಚ್ ಪೋರ್ಟ್ ನೋಡಿ. ಹತ್ತಾರು ಯಂತ್ರಕ್ಕಾದರೆ ಸರ್ವರ್‌ನಲ್ಲಿ ಡಿಎಚ್‌ಸಿಪಿ ನಿಂತಿದೆ, ಇಲ್ಲವೇ ಹಂಚಲು ವಿಳಾಸ ಉಳಿದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು ಮೂರನೆಯ ಬಗೆ: ವಿಳಾಸ ಸಿಕ್ಕಿದೆ, ಆದರೆ ನಿಮ್ಮ ಸರಣಿಯದಲ್ಲ. ಯಾರೋ ವೈಫೈ ಬೇಕೆಂದು ಮನೆಯ ರೌಟರ್ ತಂದು ಅದರ ಲ್ಯಾನ್ ಪೋರ್ಟನ್ನು ಆಫೀಸಿನ ಸಾಕೆಟ್‌ಗೆ ಚುಚ್ಚಿರುತ್ತಾರೆ. ಈಗ ವಿಳಾಸ ಹಂಚುವವರು ಇಬ್ಬರು, ಯಾವ ಯಂತ್ರಕ್ಕೆ ಯಾರು ಮೊದಲು ಉತ್ತರಿಸುತ್ತಾರೋ ಅವರದೇ ವಿಳಾಸ. ಅದಕ್ಕೇ ಕೆಲವರಿಗೆ ನೆಟ್ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಐಪಿಕಾನ್ಫಿಗ್ ತೋರಿಸುವ ಡಿಎಚ್‌ಸಿಪಿ ಸರ್ವರ್ ವಿಳಾಸ ಬರೆದುಕೊಳ್ಳಿ, ಎಆರ್‌ಪಿ -ಎ ಕಮಾಂಡ್‌ನಿಂದ ಅದರ ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ಗುರುತು) ತೆಗೆಯಿರಿ, ಮ್ಯಾನೇಜ್ಡ್ ಸ್ವಿಚ್‌ನ ಮ್ಯಾಕ್ ಟೇಬಲ್‌ನಲ್ಲಿ ಅದು ಯಾವ ಪೋರ್ಟಿನಲ್ಲಿದೆ ಎಂದು ಹುಡುಕಿ ಆ ವೈರು ಕೀಳಿ. ಮತ್ತೆ ಹೀಗಾಗದಂತೆ ತಡೆಯುವುದು ಡಿಎಚ್‌ಸಿಪಿ ಸ್ನೂಪಿಂಗ್, ಅಂದರೆ ನಂಬಿದ ಪೋರ್ಟಿನಿಂದ ಬರುವ ಡಿಎಚ್‌ಸಿಪಿ ಉತ್ತರವನ್ನಷ್ಟೇ ಬಿಡುವ ಸ್ವಿಚ್ ಸೌಲಭ್ಯ. ಅದು ಸಿಸಿಎನ್‌ಎ ಪಠ್ಯದಲ್ಲೇ ಇದೆ, ಅಂದು ಸಂಜೆ ಅದೇ ಅಧ್ಯಾಯ ಓದಿ.

ವಿಳಾಸ ಸರಿಯಿದ್ದರೆ ಗೇಟ್‌ವೇ (ಆಫೀಸಿನಿಂದ ಹೊರಹೋಗುವ ದಾರಿಯಾದ ರೌಟರ್) ಪಿಂಗ್ ಮಾಡಿ, ಆಮೇಲೆ ಗೂಗಲ್‌ನ 8.8.8.8, ಆಮೇಲೆ ಒಂದು ವೆಬ್‌ಸೈಟ್ ಹೆಸರು ಕೊಟ್ಟು ಎನ್‌ಎಸ್‌ಲುಕಪ್. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ತಪ್ಪು ಡಿಎನ್‌ಎಸ್‌ನದು, ಅಂದರೆ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಸೇವೆಯದು. ಡೊಮೇನ್ (ಎಲ್ಲರ ಲಾಗಿನ್ ಸರ್ವರ್‌ನಿಂದಲೇ ನಡೆಯುವ ವ್ಯವಸ್ಥೆ) ಇರುವ ಆಫೀಸಿನಲ್ಲಿ ‘ಇರಲಿ’ ಎಂದು ಬಳಕೆದಾರರ ಯಂತ್ರಕ್ಕೆ ಎರಡನೆಯ ಡಿಎನ್‌ಎಸ್ ಆಗಿ 8.8.8.8 ಹಾಕಲೇಬೇಡಿ. ಆ ಲಾಗಿನ್ ನೋಡಿಕೊಳ್ಳುವ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರ್, ಎಲ್ಲಿದೆ ಎಂಬುದು ಹೊರಗಿನ ಡಿಎನ್‌ಎಸ್‌ಗೆ ಗೊತ್ತಿರುವುದಿಲ್ಲ. ಲಾಗಿನ್ ನಿಧಾನವಾಗುತ್ತದೆ, ಗ್ರೂಪ್ ಪಾಲಿಸಿ (ಸರ್ವರ್‌ನಿಂದ ಯಂತ್ರಗಳಿಗೆ ಹೋಗುವ ಸೆಟ್ಟಿಂಗ್‌ಗಳು) ಹತ್ತುವುದಿಲ್ಲ. ಯಂತ್ರಗಳಿಗೆ ಒಳಗಿನ ಡಿಎನ್‌ಎಸ್ ಮಾತ್ರ ಕೊಡಿ, ಹೊರಗಿನದನ್ನು ಸರ್ವರ್‌ನಲ್ಲಿ ಫಾರ್ವರ್ಡರ್ (ತನಗೆ ಗೊತ್ತಿಲ್ಲದ ಹೆಸರನ್ನು ಸರ್ವರ್ ಕೇಳುವ ಡಿಎನ್‌ಎಸ್) ಆಗಿ ಹಾಕಿ. ಹಳೆಯ ಯಂತ್ರದ ಗಡಿಯಾರವನ್ನೂ ನೋಡಿ: ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ದಿನಾಂಕ ಹಿಂದಕ್ಕೆ ಓಡುತ್ತದೆ, 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಡೊಮೇನ್ ಲಾಗಿನ್ ಪರಿಶೀಲಿಸುವ ಕೆರ್ಬರೋಸ್ ಒಪ್ಪುವುದಿಲ್ಲ.

ಆಫೀಸಿನಿಂದ ಶೆಡ್‌ಗೆ ತಾಮ್ರದ ಕೇಬಲ್ ಹೊರಗಡೆ ಎಳೆದಿದ್ದರೆ ಫೈಬರ್‌ಗೆ ಬದಲಿಸಲು ಸಾಹೇಬರನ್ನು ಒಪ್ಪಿಸಿ. 100 ಮೀಟರ್ ಮಿತಿ ಒಂದು ಕಾರಣ. ಬೆಳಗಾವಿಯ ಗುಡುಗು ಸಿಡಿಲಿಗೆ ಸ್ವಿಚ್ ಪೋರ್ಟ್ ಸುಡುವುದು ದೊಡ್ಡ ಕಾರಣ.

ಬ್ಯಾಕಪ್ ಸಿಸಿಎನ್‌ಎಯಲ್ಲಿ ಬರುವುದಿಲ್ಲ, ಆದರೆ ನಿಮ್ಮ ನೌಕರಿ ಅದರ ಮೇಲಿದೆ. ಶೇರ್ ಆದ ಟ್ಯಾಲಿ ಫೋಲ್ಡರ್‌ಗೆ ಎಲ್ಲರಿಗೂ ಬರೆಯುವ ಅನುಮತಿ ಇದ್ದರೆ, ಒಂದು ಯಂತ್ರಕ್ಕೆ ರಾನ್ಸಮ್‌ವೇರ್ (ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್) ಹೊಕ್ಕರೂ ಲೆಕ್ಕವೆಲ್ಲ ಹೋಯಿತು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಆಫೀಸಿನ ಹೊರಗೆ. ಹಾರ್ಡ್ ಡಿಸ್ಕ್ ಬ್ಯಾಕಪ್ ಮುಗಿದ ಕೂಡಲೇ ಬಿಚ್ಚಿಡಿ, ಸದಾ ಹಚ್ಚಿದ್ದರೆ ಅದೂ ಲಾಕ್ ಆಗುತ್ತದೆ. ತಿಂಗಳಿಗೊಮ್ಮೆ ಬೇರೆ ಫೋಲ್ಡರ್‌ಗೆ ರಿಸ್ಟೋರ್ ಮಾಡಿ, ಕಂಪನಿ ತೆರೆದು ಕೊನೆಯ ದಿನದ ವೋಚರ್ ಇದೆಯೇ ನೋಡಿ. ‘ಬ್ಯಾಕಪ್ ಯಶಸ್ವಿ’ ಎಂಬ ಸಂದೇಶವನ್ನು ನಾನು ನಂಬುವುದಿಲ್ಲ.

ಅಭ್ಯಾಸಕ್ಕೆ 16 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್ ಸಾಕು. ಸಿಸ್ಕೋದ ನೆಟ್‌ವರ್ಕ್ ಸಿಮ್ಯುಲೇಟರ್ ಪ್ಯಾಕೆಟ್ ಟ್ರೇಸರ್ ಉಚಿತ. ವಿಂಡೋಸ್ ಪ್ರೊ ಇದ್ದರೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಹಲವು ವರ್ಚುವಲ್ ಯಂತ್ರ ನಡೆಸುವ ಹೈಪರ್-ವಿ ಆನ್ ಮಾಡಿ (ಹೋಮ್‌ನಲ್ಲಿ ಬರುವುದಿಲ್ಲ), 180 ದಿನದ ವಿಂಡೋಸ್ ಸರ್ವರ್ ಟ್ರಯಲ್ ಹಾಕಿ ಸರ್ವರ್‌ಗೆ 4, ಕ್ಲೈಂಟ್‌ಗೆ 4 ಜಿಬಿ ಕೊಡಿ. ಅವುಗಳನ್ನು ಜೋಡಿಸುವ ವರ್ಚುವಲ್ ಸ್ವಿಚ್ ಪ್ರೈವೇಟ್ ಆಗಿರಲಿ. ಇಲ್ಲದಿದ್ದರೆ ನಿಮ್ಮ ಲ್ಯಾಬಿನ ಡಿಎಚ್‌ಸಿಪಿಯೇ ಮೇಲೆ ಹೇಳಿದ ಕಳ್ಳ ರೌಟರ್ ಆಗುತ್ತದೆ. ಸಬ್‌ನೆಟ್ಟಿಂಗ್ (ನೆಟ್‌ವರ್ಕನ್ನು ಸಣ್ಣ ಭಾಗಗಳಾಗಿ ಒಡೆಯುವ ಲೆಕ್ಕ) ಕಲಿಯಲು ನಿಮ್ಮ ಆಫೀಸನ್ನೇ ಹಂಚಿ: ಕಂಪ್ಯೂಟರ್‌ಗಳಿಗೆ /26, ಅಂದರೆ 62 ವಿಳಾಸ, ಕ್ಯಾಮೆರಾಗಳಿಗೆ /27, 30 ವಿಳಾಸ. ಕಾಗದವಿಲ್ಲದೆ ಲೆಕ್ಕ ಹಾಕಲು ಬಂದ ಮೇಲೆಯೇ ಪರೀಕ್ಷೆ ಬುಕ್ ಮಾಡಿ. ಸಿಸಿಎನ್‌ಎ ಪರೀಕ್ಷೆಗೆ (ಅದರ ಸಂಖ್ಯೆ 200-301) 120 ನಿಮಿಷ, ಒಮ್ಮೆ ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಮರಳಲು ಆಗುವುದಿಲ್ಲ. ಡಂಪ್ (ಸೋರಿಕೆಯಾದ ಪರೀಕ್ಷಾ ಪ್ರಶ್ನೆಗಳ ಸಂಗ್ರಹ) ಕೊಳ್ಳಬೇಡಿ: ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ.

ಬುಕ್ ಮಾಡುವಾಗ ಹೆಸರನ್ನು ಗುರುತಿನ ಚೀಟಿಯಲ್ಲಿದ್ದಂತೆಯೇ ಬರೆಯಿರಿ. ನಮ್ಮ ಕಡೆ ಒಂದರಲ್ಲಿ ಅಡ್ಡಹೆಸರು ಪೂರ್ತಿ, ಇನ್ನೊಂದರಲ್ಲಿ ಇನಿಶಿಯಲ್ ಇರುವುದು ಸಾಮಾನ್ಯ. ಹೊಂದದಿದ್ದರೆ ಕೇಂದ್ರದವರು ಒಳಗೆ ಬಿಡದೇ ಇರಬಹುದು, ಶುಲ್ಕವೂ ಹೋಗುತ್ತದೆ.