ಪ್ರತಿ ಬೀಟ್‌ಗೂ ಕಟ್ ಬೇಕಾ?

ಪ್ರಶ್ನೆ: ಇಷ್ಟದ ಆನಿಮೆ ದೃಶ್ಯಗಳನ್ನು ಹಾಡಿಗೆ ಜೋಡಿಸಿ ಎಎಂವಿ (ಆನಿಮೆ ಮ್ಯೂಸಿಕ್ ವಿಡಿಯೊ) ಮಾಡುತ್ತೇನೆ, ನನ್ನ ಖುಷಿಗೆ ಮಾತ್ರ. ಪ್ರತಿ ಬೀಟ್‌ಗೂ ಕಟ್ ಹಾಕಿದರೂ ಸಪ್ಪೆ ಅನಿಸುತ್ತದೆ. ಸ್ಲೋ ಮೋಷನ್ ತಡವರಿಸುತ್ತದೆ. ಹಾಡಿನ ಮಧ್ಯೆ ಪಾತ್ರಗಳ ಬಾಯಿ ಆಡುವುದು ಬೇರೆ ಕಿರಿಕಿರಿ. ಏನು ಮಾಡಲಿ?

ಉತ್ತರ: ಮೊದಲು ಕಟ್ ಕಡಿಮೆ ಮಾಡಿ. ಬೀಟ್ ಬಂದಾಗಲೆಲ್ಲ ಶಾಟ್ ಬದಲಾಗಬೇಕೆಂದಿಲ್ಲ. ಶಾಟ್ ಒಳಗಿನ ಚಲನೆ ಬೀಟ್‌ಗೆ ಸರಿಯಾಗಿ ಕೂತರೆ ಇನ್ನೂ ಚೆಂದ. ಕತ್ತಿಗೆ ಕತ್ತಿ ತಾಗುವುದು, ಬಾಗಿಲು ಬಡಿಯುವುದು, ಪಾತ್ರ ಥಟ್ಟನೆ ತಿರುಗಿ ನೋಡುವುದು, ಇಂಥವನ್ನು ಹುಡುಕಿ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ ಅಂದರೆ ಅರ್ಧ ಸೆಕೆಂಡ್, ಅಂದರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 12 ಫ್ರೇಮ್. ಅಷ್ಟರಲ್ಲಿ ಮುಖ ಗುರುತಿಸಬಹುದು, ಆದರೆ ಶಾಟ್‌ನಲ್ಲಿ ಏನಾಗುತ್ತಿದೆ ಎಂದು ನೋಡಲು ಹೊತ್ತು ಸಾಲದು, ಅಲ್ವಾ? ಪೆಟ್ಟು ಬೀಳುವ ಫ್ರೇಮನ್ನು ಬೀಟ್ ಮೇಲಿಟ್ಟು, ಶಾಟ್ ಎಲ್ಲಿಂದ ಶುರುವಾಗಬೇಕು ಎಂದು ಹಿಂದಕ್ಕೆ ಎಣಿಸಿ. ಹಾಡು ಏರುವ ಕಡೆ ಮಾತ್ರ ಕಟ್ ಜಾಸ್ತಿ ಇರಲಿ.

ಸಪ್ಪೆ ಅನಿಸಲು ಇನ್ನೊಂದು ಕಾರಣವೂ ಇರಬಹುದು. ಹಾಡಿನ ಸಾಲು ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಹೊಸದೇನೂ ಹುಟ್ಟುವುದಿಲ್ಲ. 1982ರಲ್ಲಿ ಅಮೆರಿಕದ ಜಿಮ್ ಕಪೋಸ್ಟಾಸ್ ಎರಡು ವಿಸಿಆರ್ (ವಿಡಿಯೊ ಟೇಪ್ ಯಂತ್ರ) ಜೋಡಿಸಿ ಮಾಡಿದ್ದನ್ನು ಮೊದಲ ಎಎಂವಿ ಎನ್ನುತ್ತಾರೆ. ಅವರು ‘ಸ್ಟಾರ್ ಬ್ಲೇಜರ್ಸ್’ ಎಂಬ ಆನಿಮೆ ಸರಣಿಯ ಯುದ್ಧದ ದೃಶ್ಯಗಳಿಗೆ ಬೀಟಲ್ಸ್ ತಂಡದ ಪ್ರೀತಿಯ ಹಾಡು ಹಾಕಿದ್ದರು. ಆ ಧೈರ್ಯ ನನಗೆ ಈಗಲೂ ಬಹಳ ಇಷ್ಟ.

ಇನ್ನು ಸ್ಲೋ ಮೋಷನ್. ಟಿವಿ ಆನಿಮೆಯಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್‌ಗಳಷ್ಟು ಹೊತ್ತು ತೋರಿಸುತ್ತಾರೆ. ಸೆಕೆಂಡಿಗೆ 24 ಫ್ರೇಮ್ ಇದ್ದರೂ ಚಿತ್ರ ಇರುವುದು 12 ಅಥವಾ 8 ಮಾತ್ರ. ವೇಗ ಅರ್ಧಕ್ಕೆ ಇಳಿಸಿದರೆ 8 ಇದ್ದದ್ದು 4 ಆಗುತ್ತದೆ. ಆಪ್ಟಿಕಲ್ ಫ್ಲೋ ಹಾಕಿದರೆ ಸಾಫ್ಟ್‌ವೇರ್ ಮಧ್ಯದ ಚಿತ್ರಗಳನ್ನು ಊಹಿಸಲು ಹೋಗುತ್ತದೆ, ಗೆರೆಗಳು ಕರಗಿದಂತೆ ಕಾಣುತ್ತವೆ. ಹಿನ್ನೆಲೆ ಮೇಲೆ ಕ್ಯಾಮೆರಾ ನಿಧಾನಕ್ಕೆ ಸರಿಯುವ ಶಾಟ್‌ಗಳನ್ನು ಆರಿಸಿ. ಅಲ್ಲಿ ಪ್ರತಿ ಫ್ರೇಮಿನಲ್ಲೂ ಚಲನೆ ಇರುವುದರಿಂದ ನಿಧಾನ ಮಾಡಿದರೂ ತಡೆದುಕೊಳ್ಳುತ್ತದೆ. ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್ ಸೆಕೆಂಡಿಗೆ ಎಷ್ಟು ಫ್ರೇಮ್‌ಗೆ ಇದೆ ಎಂದೂ ನೋಡಿಕೊಳ್ಳಿ. ಅದು 30 ಫ್ರೇಮ್‌ಗೆ ಇದ್ದರೆ ಪ್ರತಿ ನಾಲ್ಕನೇ ಫ್ರೇಮ್ ಎರಡು ಸಲ ಬಂದು ಜರ್ಕ್ ಹೊಡೆಯುತ್ತದೆ. ವಿಡಿಯೊದಲ್ಲಿ ಈ 24 ಸಾಮಾನ್ಯವಾಗಿ ನಿಖರವಾಗಿ 23.976 ಇರುತ್ತದೆ, ಅದನ್ನೇ ಇಡಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರು ಕ್ಲಿಪ್ ಹಾಕುವ ಮೊದಲೇ ಇದನ್ನು ಹೊಂದಿಸಬೇಕು.

ಬಾಯಿ ಆಡುವ ಶಾಟ್‌ಗೆ ಸುಲಭದ ದಾರಿ ಅದನ್ನು ಬಿಟ್ಟುಬಿಡುವುದು. ಬೆನ್ನು, ಕಣ್ಣು, ಕೈ ಕಾಣುವ ಶಾಟ್ ಅದೇ ಸಂಚಿಕೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಬಿಡಲು ಮನಸ್ಸೇ ಬಾರದಿದ್ದರೆ ಬಾಯಿ ಮುಚ್ಚಿರುವ ಒಂದು ಫ್ರೇಮನ್ನು ಫ್ರೀಜ್ ಮಾಡಿ, ಮೇಲಿನ ಟ್ರ್ಯಾಕ್‌ಗೆ ಹಾಕಿ, ತುಟಿಯ ಭಾಗ ಮಾತ್ರ ಉಳಿಯುವಂತೆ ಮಾಸ್ಕ್ ಎಳೆಯಿರಿ. ಮಾತಾಡುವಾಗ ಮುಖದ ಉಳಿದ ಭಾಗ ಹೆಚ್ಚಾಗಿ ಅಲುಗಾಡದೇ ಇರುವುದರಿಂದ ಜೋಡಣೆ ಗೊತ್ತೇ ಆಗುವುದಿಲ್ಲ. ತಲೆ ಅಥವಾ ಕ್ಯಾಮೆರಾ ಸರಿಯುವ ಶಾಟ್ ಆದರೆ ಮಾಸ್ಕ್ ಕೂಡ ಅದರ ಜೊತೆಗೇ ಸರಿಯಬೇಕು. ಮೊದಲ ಪ್ರಯತ್ನಕ್ಕೆ ಅಂಥದ್ದು ಬೇಡ.