ಸಣ್ಣ ಕ್ಯಾಂಪರ್ ಎಳೆಯಲು ಎರ್ಟಿಗಾ ಸಾಕೇ, ಬೊಲೆರೊ ಬೇಕೇ? ಹಿಚ್ ಎಂಥದ್ದು ಹಾಕಿಸಬೇಕು?

ನೀವು ಧಾರವಾಡದವರು; ಇಬ್ಬರು ಮಲಗುವಷ್ಟು ದೊಡ್ಡದಾದ, ವಾಹನದ ಹಿಂದೆ ಕಟ್ಟಿ ಎಳೆಯುವ ಒಂದು ಕ್ಯಾಂಪರ್ ಮಾಡಿಸಲು ಹೊರಟಿದ್ದೀರಿ. ಅದರ ಖಾಲಿ ತೂಕ 520 ಕೆ.ಜಿ., ಅದಕ್ಕೆ ಸ್ವಂತ ಬ್ರೇಕ್ ಇಲ್ಲ. ಮನೆಯಲ್ಲಿ ಪೆಟ್ರೋಲ್ ಎರ್ಟಿಗಾ ಇದೆ, ಸಂಬಂಧಿಕರೊಬ್ಬರು ತಮ್ಮ ಬೊಲೆರೊ ಮಾರುವವರಿದ್ದಾರೆ. ದಾಂಡೇಲಿ, ಗೋಕರ್ಣ, ಗದಗ ಜಿಲ್ಲೆಯ ಮಾಗಡಿ ಕೆರೆಯ ಕಡೆ ಹೋಗಿಬರಲು ಎರ್ಟಿಗಾದ ಎಂಜಿನ್ ಸಾಲುತ್ತದೆಯೇ, ಟ್ರ್ಯಾಕ್ಟರ್ ಟ್ರೇಲರ್ ಮಾಡುವವರು ಹೇಳುವಂತೆ ಪಿನ್ ಹಿಚ್ (ತೂತಿಗೆ ಪಿನ್ ತೂರಿಸಿ ಜೋಡಿಸುವ ಕೊಂಡಿ) ಹಾಕಿಸಿದರೆ ನಡೆಯುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಹುಬ್ಬಳ್ಳಿಯಲ್ಲಿದ್ದು ಇಂಥದೇ ಒಂದು ಸಣ್ಣ ಕ್ಯಾಂಪರನ್ನು ಎಳೆಯುತ್ತಿರುವವನು. ಬೊಲೆರೊ ಕೊಳ್ಳಿ, 50 ಮಿ.ಮೀ. ಗುಂಡಿನ ಹಿಚ್ (ವಾಹನದ ಹಿಂದಿನ ಉಕ್ಕಿನ ಗುಂಡಿನ ಮೇಲೆ ಕ್ಯಾಂಪರ್‌ನ ಬಟ್ಟಲು ಕೂರುವ ಕೊಂಡಿ) ಹಾಕಿಸಿ, ಸಾಧ್ಯವಿದ್ದರೆ ಕ್ಯಾಂಪರ್‌ಗೂ ಬ್ರೇಕ್ ಮಾಡಿಸಿ ಎಂಬುದು ನನ್ನ ಸಲಹೆ. ಈ ಸಲಹೆಗೆ ಎಂಜಿನ್ನಿನ ಶಕ್ತಿಗಿಂತ ನಿಲ್ಲಿಸುವ ಶಕ್ತಿಯೇ ಮುಖ್ಯ ಕಾರಣ.

ಮೊದಲು ತೂಕ ನೋಡೋಣ. ಖಾಲಿ ತೂಕದಲ್ಲಿ ಯಾರೂ ಪ್ರವಾಸ ಹೋಗುವುದಿಲ್ಲ. 60 ಲೀಟರ್ ನೀರು ಎಂದರೆ 60 ಕೆ.ಜಿ.; ತುಂಬಿದ ಅಡುಗೆ ಅನಿಲದ ಸಿಲಿಂಡರ್ ಒಂದು 30 ಕೆ.ಜಿ. ಆಸುಪಾಸು, ಅದರ ಮೇಲೆ ಬ್ಯಾಟರಿ, ಹಾಸಿಗೆ, ಪಾತ್ರೆ, ಹೆಚ್ಚುವರಿ ಚಕ್ರ, ಕುರ್ಚಿ-ಮೇಜು, ಎಲ್ಲ ಸೇರಿದರೆ ನಿಮ್ಮ ಕ್ಯಾಂಪರ್ ಸರಾಗವಾಗಿ 700 ಕೆ.ಜಿ. ಮುಟ್ಟುತ್ತದೆ. ತಯಾರಕರ ಬಾಯಿಮಾತನ್ನು ನಂಬುವ ಬದಲು, ಎಲ್ಲ ಸಾಮಾನು ತುಂಬಿದ ಮೇಲೆ ಒಮ್ಮೆ ವೇಬ್ರಿಡ್ಜಿಗೆ ಒಯ್ದು ಕಾಟಾ ಮಾಡಿಸಿ ಚೀಟಿ ಇಟ್ಟುಕೊಳ್ಳಿ.

ಇನ್ನು ಎರ್ಟಿಗಾ. ಅದರ 1.5 ಲೀಟರ್ ಎಂಜಿನ್ನಿನ ಟಾರ್ಕ್, ಎಂದರೆ ತಿರುಗಿಸುವ ಬಲ, 137 ನ್ಯೂಟನ್ ಮೀಟರ್‌ನಷ್ಟಿದ್ದು, ಅದು ಪೂರ್ತಿಯಾಗಿ ಸಿಗುವುದು 4,400 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಹೊತ್ತಿಗೆ, ಬೊಲೆರೊದ 1.5 ಲೀಟರ್ ಡೀಸೆಲ್ ಎಂಜಿನ್ 210 ನ್ಯೂಟನ್ ಮೀಟರನ್ನು 1,600ರಲ್ಲೇ ಕೊಡುತ್ತದೆ. ಅಶ್ವಶಕ್ತಿಯಲ್ಲಿ ಎರ್ಟಿಗಾವೇ ಮುಂದಿದ್ದರೂ, ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಕೆಲಸಕ್ಕೆ ಬರುವುದು ಆ ಕೆಳಗಿನ ಟಾರ್ಕ್. ಆದರೂ ಬಯಲು ದಾರಿಯಲ್ಲಿ ಎರ್ಟಿಗಾ 700 ಕೆ.ಜಿ.ಯನ್ನು ಎಳೆಯುತ್ತದೆ, ಅದರಲ್ಲಿ ಸಂಶಯವಿಲ್ಲ. ತೊಡಕು ಇರುವುದು ನಿಲ್ಲಿಸುವುದರಲ್ಲಿ. ನಾಲ್ವರು ಕುಳಿತ ಎರ್ಟಿಗಾ ಸುಮಾರು 1,500 ಕೆ.ಜಿ. ಆಗುತ್ತದೆ, ಬ್ರೇಕ್ ಇಲ್ಲದ 700 ಕೆ.ಜಿ. ಹಿಂದಿನಿಂದ ತಳ್ಳಿದಾಗ ಅದೇ ಬ್ರೇಕುಗಳು ಹೆಚ್ಚುಕಡಿಮೆ ಒಂದೂವರೆ ಪಟ್ಟು ಕೆಲಸ ಮಾಡಬೇಕು. ಯುರೋಪಿನ ನಿಯಮದಲ್ಲಿ, ಸ್ವಂತ ಬ್ರೇಕ್ ಇಲ್ಲದ ಟ್ರೇಲರ್ 750 ಕೆ.ಜಿ. ಅಥವಾ ಎಳೆಯುವ ವಾಹನದ ತೂಕದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮೀರುವಂತಿಲ್ಲ. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಕಾರುಗಳ ಕೈಪಿಡಿಯಲ್ಲಿ ಎಳೆಯುವ ಮಿತಿಯನ್ನೇ ಕೊಟ್ಟಿರುವುದಿಲ್ಲವಾದ್ದರಿಂದ ನಾನು ಈ ಅಳತೆಗೋಲನ್ನೇ ಹಿಡಿಯುತ್ತೇನೆ. 1,200 ಕೆ.ಜಿ. ಆಸುಪಾಸಿನ ಎರ್ಟಿಗಾಕ್ಕೆ ಅದು 600 ಆಗುತ್ತದೆ. ನಿಮ್ಮ ಕ್ಯಾಂಪರ್ ಆ ಗೆರೆಯನ್ನು ದಾಟಿದೆ. ಕೈಪಿಡಿಯಲ್ಲಿ ಟ್ರೇಲರ್ ಎಳೆಯಬಾರದು ಎಂದೇ ಬರೆದಿದ್ದರೆ ಈ ಲೆಕ್ಕವೂ ಬೇಡ, ಮಾತು ಅಲ್ಲಿಗೆ ಮುಗಿಯಿತು.

ಗೋಕರ್ಣಕ್ಕೆ ಹೋಗುವ ಆಸೆ ಇರುವುದರಿಂದ ಇದು ಬರೀ ಕಾಗದದ ಲೆಕ್ಕವಾಗಿ ಉಳಿಯುವುದಿಲ್ಲ. ಯಲ್ಲಾಪುರದಿಂದ ಅಂಕೋಲೆಗೆ ಸುಮಾರು 500 ಮೀಟರ್ ಇಳಿತವಿದೆ, ಅದರ ಬಹುಪಾಲು ಅರಬೈಲ್ ಘಟ್ಟದಲ್ಲೇ. ಮುಂದೆ ಲಾರಿಗಳ ಸಾಲು ತೆವಳುತ್ತಿರುವಾಗ ಪೆಡಲ್ ಮೇಲಿಂದ ಕಾಲು ತೆಗೆಯಲಾಗದೆ ಇಳಿದರೆ ಪ್ಯಾಡುಗಳು ಕಾಯ್ದು, ಹಿಡಿತ ಕಳೆದುಕೊಳ್ಳುತ್ತವೆ. ಎರಡನೇ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು, ಮತ್ತು ಅಂಥ ತಡೆ ಬೊಲೆರೊದ ಸಣ್ಣ ಗೇರುಗಳಲ್ಲಿ ಸಿಗುತ್ತದೆ. ಕ್ಯಾಂಪರ್‌ಗೆ ಓವರ್‌ರನ್ ಬ್ರೇಕ್ ಮಾಡಿಸಿದರೆ ಇನ್ನೂ ನೆಮ್ಮದಿ: ವಾಹನ ನಿಧಾನವಾದಾಗ ಕ್ಯಾಂಪರ್ ಮುಂದಕ್ಕೆ ಒತ್ತುವ ಒತ್ತಡವೇ ಒಂದು ಕೇಬಲನ್ನು ಎಳೆದು ಅದರ ಚಕ್ರಗಳ ಬ್ರೇಕ್ ಹಾಕುತ್ತದೆ, ವಿದ್ಯುತ್ತೂ ಬೇಡ, ಬೇರೆ ಪೆಡಲ್ಲೂ ಬೇಡ. ಹಿಮ್ಮುಖ ಚಲಿಸುವಾಗ ಅದು ಕಚ್ಚದಂತೆ ಬಿಡಿಸುವ ಏರ್ಪಾಡು ಇದೆಯೇ ಎಂದು ಮಾತ್ರ ಕೇಳಿಕೊಳ್ಳಿ.

ಬೊಲೆರೊ ಎನ್ನಲು ಇನ್ನೊಂದು ಕಾರಣ ಅದರ ಮೈಕಟ್ಟು. ಬೊಲೆರೊ, ಸ್ಕಾರ್ಪಿಯೊ, ಥಾರ್, ಇನ್ನೋವಾ ಕ್ರಿಸ್ಟಾಗಳಿಗೆ ಕೆಳಗೆ ಪ್ರತ್ಯೇಕ ಲ್ಯಾಡರ್ ಚಾಸಿ ಇದೆ. ಎಳೆತದ ಬಲವನ್ನು ನೇರವಾಗಿ ಆ ಎರಡು ಉಕ್ಕಿನ ತೊಲೆಗಳಿಗೆ ಕೊಡಬಹುದು. ಎರ್ಟಿಗಾದಲ್ಲಿ ಬಾಡಿಯೇ ಚಾಸಿ. ಹಿಚ್‌ನ ಬೋಲ್ಟುಗಳು ತೆಳು ತಗಡಿನ ಪೆಟ್ಟಿಗೆಗಳನ್ನು ಹಿಡಿಯಬೇಕಾಗುವುದರಿಂದ ಆ ಮಾದರಿಗೆಂದೇ ವಿನ್ಯಾಸವಾದ ಹಿಚ್ ಬೇಕು, ಊಹೆಯ ಮೇಲೆ ಮಾಡಿದ್ದು ನಡೆಯದು. ಕ್ರಿಸ್ಟಾ ನೋಡಲು ಹೋಗಿ ಹೈಕ್ರಾಸ್ ಕೊಳ್ಳಬೇಡಿ. ಹೆಸರು ಇನ್ನೋವಾ ಆದರೂ ಅದಕ್ಕೆ ಲ್ಯಾಡರ್ ಚಾಸಿ ಇಲ್ಲ, ಎರ್ಟಿಗಾದಂತೆ ಅದೂ ಮುಂಚಕ್ರದ ವಾಹನ, ಎಂದರೆ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಮುಂಚಕ್ರದ ವಾಹನಕ್ಕೆ ಹಿಂದೆ ಭಾರ ಕಟ್ಟಿದರೆ ಮೂತಿ ಹಗುರಾಗುತ್ತದೆ: ಗುಂಡಿನ ಮೇಲೆ 70 ಕೆ.ಜಿ. ಕೂತು, ಅದು ಹಿಂದಿನ ಆಕ್ಸಲ್‌ನಿಂದ 1.1 ಮೀಟರ್ ಹಿಂದಿದ್ದರೆ ಎರ್ಟಿಗಾದ ಮುಂಚಕ್ರಗಳಿಂದ 28 ಕೆ.ಜಿ. ಇಳಿದು, ಹಿಂಚಕ್ರಗಳ ಮೇಲೆ 98 ಕೆ.ಜಿ. ಏರುತ್ತದೆ. ಡಾಂಬರಿನ ಮೇಲೆ ಅದು ತಿಳಿಯುವುದೂ ಇಲ್ಲ. ಮಳೆ ಬಿದ್ದ ಎರೆ ಮಣ್ಣಿನಲ್ಲಿ, ಮಾಗಡಿ ಕೆರೆಯ ಸುತ್ತಲಿನಂಥ ಹೊಲದ ದಾರಿಯಲ್ಲಿ, ಚೆನ್ನಾಗಿ ತಿಳಿಯುತ್ತದೆ.

ಈಗ ಹಿಚ್. ಟ್ರ್ಯಾಕ್ಟರಿನ ಪಿನ್ ಹಿಚ್‌ನಲ್ಲಿ ತೂತು ದೊಡ್ಡದು, ಪಿನ್ ಸಣ್ಣದು. ಆ ಸಡಿಲು ಕಬ್ಬಿನ ಟ್ರೇಲರ್‌ಗೆ ಬೇಕು, ಏಕೆಂದರೆ ಅದು ಹೊಲದ ಏರುತಗ್ಗಿನಲ್ಲಿ ನಿಧಾನವಾಗಿ ಹೋಗುವಂಥದ್ದು. 60 ಕಿ.ಮೀ. ವೇಗದ ವಾಹನದಲ್ಲಿ ಅದೇ ಸಡಿಲು ರಸ್ತೆಯ ಪ್ರತಿ ಉಬ್ಬಿಗೂ, ಪ್ರತಿ ಬ್ರೇಕಿಗೂ ಸುತ್ತಿಗೆ ಏಟಾಗಿ ಬೋಲ್ಟುಗಳನ್ನು ಸಡಿಲಿಸುತ್ತದೆ. ಗುಂಡಿನ ಹಿಚ್ ಮೂರೂ ದಿಕ್ಕಿಗೆ ತಿರುಗುತ್ತದೆ, ಆದರೆ ಅಲುಗುವುದಿಲ್ಲ. ಅಂತರ್ಜಾಲದಲ್ಲಿ ಕೊಳ್ಳುವಾಗ ಅಳತೆ ನೋಡಿ: ಅಮೆರಿಕದ ಎರಡು ಇಂಚಿನ ಗುಂಡು 50.8 ಮಿ.ಮೀ., ಯುರೋಪಿನದು ಸರಿಯಾಗಿ 50 ಮಿ.ಮೀ. ಮುಕ್ಕಾಲು ಮಿಲಿಮೀಟರ್ ತಾನೇ ಎಂದು ಎರಡು ಇಂಚಿನ ಬಟ್ಟಲನ್ನು (ಕಪ್) 50ರ ಗುಂಡಿಗೆ ಕೂಡಿಸಿದರೆ ಮತ್ತೆ ಅದೇ ಸಡಿಲು. ಕಾರಿನ ಬಂಪರಿಗೆ ತಿರುಗಿಸಿ ಹಾಕುವ ಕೊಂಡಿ ಕೆಟ್ಟ ಕಾರನ್ನು ಎಳೆದೊಯ್ಯಲು ಕೊಟ್ಟಿದ್ದು. ಅದಕ್ಕೆ ಕ್ಯಾಂಪರ್ ಕಟ್ಟುವ ಯೋಚನೆಯನ್ನೇ ಮಾಡಬೇಡಿ.

ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಅಥವಾ ತಾರಿಹಾಳದಲ್ಲಿ ಒಳ್ಳೆಯ ಫ್ಯಾಬ್ರಿಕೇಟರ್‌ಗಳು ಸಿಗುತ್ತಾರೆ, ಆದರೆ ಅವರಿಗೆ ಸ್ಪಷ್ಟವಾಗಿ ಹೇಳಬೇಕು: ಬಂಪರಿಗೆ ಬೆಸೆಯಬಾರದು, ಚಾಸಿಗೂ ಬೆಸೆಯಬಾರದು. ಬೆಸುಗೆಯ ಕಾವಿಗೆ ಚಾಸಿಯ ಉಕ್ಕು ಆ ಜಾಗದಲ್ಲಿ ದುರ್ಬಲವಾಗಿ, ಮುಂದೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಎರಡೂ ತೊಲೆಗಳ ಉದ್ದಕ್ಕೆ ಪಕ್ಕದ ಪ್ಲೇಟುಗಳನ್ನಿಟ್ಟು, ಅವುಗಳ ನಡುವೆ ಅಡ್ಡ ಪೈಪು ಬೆಸೆದು, ಆ ಇಡೀ ಚೌಕಟ್ಟನ್ನು 8.8 ಎಂದು (ಅದು ಬಲದ ದರ್ಜೆ) ತಲೆಯ ಮೇಲೆ ಗುರುತಿರುವ ಬೋಲ್ಟುಗಳಿಂದ ಚಾಸಿಗೆ ಬಿಗಿಸಬೇಕು. ಕಂಪನಿಯವರೇ ಕೊಟ್ಟ ತೂತುಗಳು ಸಿಕ್ಕರೆ ಉತ್ತಮ. ಹೊಸದು ಕೊರೆಯಲೇಬೇಕಾದರೆ ತೊಲೆಯ ನಿಂತ ಬದಿಯಲ್ಲಿ ಕೊರೆಯಲಿ, ಮೇಲಿನ ಕೆಳಗಿನ ಅಂಚುಗಳನ್ನು ಮುಟ್ಟದಿರಲಿ. ಸುರಕ್ಷತಾ ಸರಪಳಿಯ ಕೊಂಡಿಗಳು ಗುಂಡಿನ ಮೇಲಲ್ಲದೆ ಈ ಚೌಕಟ್ಟಿನ ಮೇಲೆಯೇ ಇರಬೇಕು, ಮತ್ತು ಎರಡು ಸರಪಳಿಗಳನ್ನು ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಬೇಕು. ಕಪ್ ಕಳಚಿದರೂ ಕ್ಯಾಂಪರ್‌ನ ಮೂತಿ ರಸ್ತೆಗೆ ಬೀಳದೆ ಅವುಗಳ ಮೇಲೆ ಕೂರುತ್ತದೆ. ಗುಂಡಿನ ಎತ್ತರ, ಭಾರ ಹೇರಿದ ಸ್ಥಿತಿಯಲ್ಲಿ, ಯುರೋಪಿನ ಅಳತೆಯಂತೆ ನೆಲದಿಂದ 350ರಿಂದ 420 ಮಿ.ಮೀ. ಬೊಲೆರೊದ ಹಿಂಭಾಗ ಎತ್ತರವಾದ್ದರಿಂದ ಗುಂಡನ್ನು ಕೆಳಗಿಳಿಸುವ ಪ್ಲೇಟು ಬೇಕಾಗಬಹುದು. ಕ್ಯಾಂಪರ್ ಸಮತಟ್ಟಾಗಿ ನಿಲ್ಲಬೇಕು, ಮೂತಿ ಮೇಲೆತ್ತಿರಲೇಬಾರದು.

ಆ ಮೂತಿಯ ಭಾರವನ್ನು ಬಹಳ ಜನ ಕಡೆಗಣಿಸುತ್ತಾರೆ. ಚಕ್ಕಡಿ ಹೇರುವ ರೈತನಿಗೆ ಇದನ್ನು ಹೇಳಿಕೊಡಬೇಕಿಲ್ಲ: ಹಿಂಭಾರವಾದರೆ ನೊಗ ಮೇಲೇಳುತ್ತದೆ, ಅತಿಯಾಗಿ ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಕ್ಯಾಂಪರ್‌ನಲ್ಲಿ ಹಿಂಭಾರ ಇನ್ನೂ ಅಪಾಯಕಾರಿ, ಏಕೆಂದರೆ ವೇಗ ಹೆಚ್ಚಿದಂತೆ ಅದು ಎಡಬಲಕ್ಕೆ ಬಾಲ ಬೀಸಲು ತೊಡಗಿ ಎಳೆಯುವ ವಾಹನವನ್ನೇ ತಿರುಗಿಸಬಲ್ಲದು. ಒಟ್ಟು ತೂಕದ ಹತ್ತನೇ ಒಂದು ಭಾಗ, ಎಂದರೆ ನಿಮ್ಮಲ್ಲಿ 70 ಕೆ.ಜಿ. ಸುತ್ತಮುತ್ತ, ಗುಂಡಿನ ಮೇಲಿರಲಿ. ವೇಬ್ರಿಡ್ಜ್ ಇಷ್ಟು ಸಣ್ಣ ತೂಕವನ್ನು ಸರಿಯಾಗಿ ತೋರಿಸುವುದಿಲ್ಲ. ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ಮರದ ತುಂಡುಗಳನ್ನು ಗುಂಡಿನ ಎತ್ತರಕ್ಕೆ ಪೇರಿಸಿ ಮೂತಿಯನ್ನು ಇಟ್ಟರೆ ಸಾಕು. ನೀರಿನ ಟ್ಯಾಂಕನ್ನು ಆಕ್ಸಲ್‌ನ ಮೇಲೆ ಅಥವಾ ಸ್ವಲ್ಪ ಮುಂದೆ ಕೂರಿಸಲು ಈಗಲೇ ಹೇಳಿಬಿಡಿ, ಹಿಂದಿನ ಗೋಡೆಗೆ ಹಚ್ಚಿ ಕೂರಿಸಿದರೆ ಅದು ತುಂಬಿದಾಗಲೆಲ್ಲ ಮೂತಿ ಹಗುರಾಗುತ್ತದೆ.

ದೀಪಗಳಿಗೆ ಏಳು ಪಿನ್ನಿನ ಸಾಕೆಟ್ ಹಾಕಿಸಿ, ವಾಹನದ ವೈರನ್ನು ಸುಮ್ಮನೆ ಕೊಯ್ದು ಜೋಡಿಸದೆ ಪ್ರತ್ಯೇಕ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಮೂಲಕ ಕೊಡಿಸಿ.

ಕಾಗದಪತ್ರದ ಬಗ್ಗೆ ನೀವು ಕೇಳಿಲ್ಲ, ಆದರೂ ಮುಂಗಡ ಕೊಡುವ ಮುನ್ನ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಂ ಟ್ರೇಲರನ್ನೂ ಮೋಟಾರು ವಾಹನವೆಂದೇ ಎಣಿಸುವುದರಿಂದ ಕ್ಯಾಂಪರ್‌ಗೂ ಬೇರೆ ನೋಂದಣಿ ಬೇಕು. ವಾಹನದ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು 52ನೇ ಕಲಂ ನಿರ್ಬಂಧಿಸುತ್ತದೆ. ನಿಮ್ಮ ತಯಾರಕರ ಬಳಿ ಟ್ರೇಲರ್‌ಗೆ ಮಾದರಿ ಅನುಮೋದನೆಯ ಪತ್ರ ಇದೆಯೇ ಎಂದು ಕೇಳಿ ಅದರ ಪ್ರತಿಯನ್ನು ಪಡೆಯಿರಿ, ಅದನ್ನೂ ಹಿಚ್‌ನ ನಕ್ಷೆಯನ್ನೂ ಧಾರವಾಡದ ಆರ್‌ಟಿಒ ಕಚೇರಿಯಲ್ಲಿ ತೋರಿಸಿ ಒಪ್ಪಿಗೆ ಇದೆಯೇ ಎಂದು ಲಿಖಿತವಾಗಿ ಕೇಳಿ, ವಿಮಾ ಕಂಪನಿಗೂ ಪತ್ರ ಬರೆದು ತಿಳಿಸಿ. ಆ ಪತ್ರ ಇಲ್ಲ ಎಂದು ತಯಾರಕರು ಹೇಳಿದರೆ ಬೇರೆ ತಯಾರಕರನ್ನು ಹುಡುಕಿ.